‘ಪ್ರಾಮಾಣಿಕವಾಗಿ ನಂಬಿದ್ದೆ’ ಎಂದರೆ ಸಾಕೇ?

2003ರ ಮಾರ್ಚ್ 14ರಂದು ಬ್ರಿಟನ್ನಿನ ಅಟಾರ್ನಿ ಜನರಲ್ ಲಾರ್ಡ್ ಗೋಲ್ಡ್‌ಸ್ಮಿತ್ ಅವರ ಕಚೇರಿಯಿಂದ ಪ್ರಧಾನಿ ಕಚೇರಿಗೆ ಒಂದು ಪತ್ರ ಹೋಯಿತು. ಭದ್ರತಾ ಮಂಡಳಿಯ ಹೊಸ ನಿರ್ಣಯವಿಲ್ಲದೆ ಇರಾಕಿನ ಮೇಲೆ ಸೇನೆ ಕಳಿಸುವುದು ಕಾನೂನಿಗೆ ಸಮ್ಮತವಾಗಬೇಕಾದರೆ, ಸಮೂಹನಾಶಕ ಅಸ್ತ್ರಗಳನ್ನು ತ್ಯಜಿಸಲು ಇರಾಕಿಗೆ ಕೊನೆಯ ಅವಕಾಶ ಕೊಟ್ಟು ಹಿಂದಿನ ನವೆಂಬರಿನಲ್ಲಿ ಅಂಗೀಕಾರವಾಗಿದ್ದ 1441ನೆಯ ನಿರ್ಣಯವನ್ನು ಇರಾಕ್ ಮತ್ತಷ್ಟು ಗಂಭೀರವಾಗಿ ಉಲ್ಲಂಘಿಸಿದೆ ಎಂಬುದು ಪ್ರಧಾನಿಯವರ ಖಚಿತ ಅಭಿಪ್ರಾಯವಾಗಿರಬೇಕು, ಅದನ್ನು ದಯವಿಟ್ಟು ದೃಢಪಡಿಸಿ ಎಂಬುದು ಪತ್ರದ ಸಾರ. ಮರುದಿನವೇ ಟೋನಿ ಬ್ಲೇರ್ ಅವರ ಆಪ್ತ ಕಾರ್ಯದರ್ಶಿಯಿಂದ ಉತ್ತರ ಬಂತು. ಹೌದು, ಅದು ಪ್ರಧಾನಿಯವರ ನಿಸ್ಸಂದಿಗ್ಧ ಅಭಿಪ್ರಾಯ ಎಂದು ಅದರಲ್ಲಿತ್ತು. ಆ ಅಭಿಪ್ರಾಯಕ್ಕೆ ಆಧಾರವೇನು ಎಂಬುದು ಇರಲಿಲ್ಲ. ಐದು ದಿನಗಳ ಬಳಿಕ ಯುದ್ಧ ಆರಂಭವಾಯಿತು. ಹದಿಮೂರು ವರ್ಷಗಳ ಬಳಿಕ ಸರ್ ಜಾನ್ ಚಿಲ್ಕಾಟ್ ನೇತೃತ್ವದ ತನಿಖಾ ಸಮಿತಿಯು, ಪ್ರಧಾನಿಯವರು ನಿರ್ದಿಷ್ಟವಾಗಿ ಯಾವ ಆಧಾರವನ್ನು ನೆಚ್ಚಿ ಹಾಗೆ ಹೇಳಿದರೆಂಬುದು ಸ್ಪಷ್ಟವಿಲ್ಲ ಎಂದು ಬರೆಯಿತು.

ಇರಾಕ್ ಯುದ್ಧದ ಬಗ್ಗೆ ಇಪ್ಪತ್ತು ವರ್ಷಗಳಿಂದ ಬಂದಿರುವ ಬರಹ, ಭಾಷಣ, ಘೋಷಣೆಗಳ ರಾಶಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಎರಡು ಚಿಕ್ಕ ಪತ್ರಗಳೇ. ‘ಬ್ಲೇರ್ ಸುಳ್ಳು ಹೇಳಿದರೇ?’ ಎಂಬ ಪ್ರಶ್ನೆಯ ಸುತ್ತ ಜಗತ್ತು ಗಿರಕಿ ಹೊಡೆಯುತ್ತಿದ್ದಾಗ, ನಿಜವಾದ ಲೋಪ ಬೇರೆಡೆ ಇತ್ತು ಎಂಬುದನ್ನು ಅವು ತೋರಿಸುತ್ತವೆ. ಪ್ರಧಾನಿಯನ್ನು ಕಾನೂನಿನ ಮಿತಿಯೊಳಗೆ ಹಿಡಿದಿಡಬೇಕಾದ ಅಧಿಕಾರಿ, ಆ ಮಿತಿ ದಾಟಿಲ್ಲವೆಂಬ ಪ್ರಮಾಣಪತ್ರವನ್ನು ಪ್ರಧಾನಿಯಿಂದಲೇ ಪಡೆದುಕೊಂಡರು. ಯಾರನ್ನು ಪ್ರಶ್ನಿಸಬೇಕಿತ್ತೋ ಅವರ ಮಾತೇ ಉತ್ತರವಾಗಿ ಕಡತ ಸೇರಿತು.

ಇದಕ್ಕೆ ಒಂದು ವಾರ ಮೊದಲು, ಮಾರ್ಚ್ 7ರಂದು, ಅದೇ ಗೋಲ್ಡ್‌ಸ್ಮಿತ್ ಹದಿಮೂರು ಪುಟಗಳ ಕಾನೂನು ಸಲಹೆಯನ್ನು ಪ್ರಧಾನಿಗೆ ಕೊಟ್ಟಿದ್ದರು. ಅದು ಎಚ್ಚರಿಕೆಯ ಬರಹ. ಎರಡನೆಯ ನಿರ್ಣಯವನ್ನು ಪಡೆಯುವುದೇ ಅತ್ಯಂತ ಸುರಕ್ಷಿತ ಮಾರ್ಗ. ಅದಿಲ್ಲದೆಯೂ ಸಮರ್ಥಿಸಿಕೊಳ್ಳಬಹುದಾದ ವಾದವೊಂದು ಇದೆಯಾದರೂ, ನ್ಯಾಯಾಲಯವೊಂದು ಆ ವಾದವನ್ನು ಒಪ್ಪೀತೆಂಬ ಭರವಸೆಯಿಲ್ಲ ಎಂಬ ಧಾಟಿ ಅದರದು. ಆದರೆ ಸೇನಾ ಮುಖ್ಯಸ್ಥರಿಗೆ ಬೇಕಾಗಿದ್ದುದು ‘ವಾದ’ವಲ್ಲ, ಹೌದು ಅಥವಾ ಅಲ್ಲ ಎಂಬ ಒಂದು ಮಾತು. ಮಾರ್ಚ್ 17ರಂದು ಸಂಸತ್ತಿನ ಮುಂದೆ ಬಂದದ್ದು ಒಂದೇ ಪುಟದ ಲಿಖಿತ ಉತ್ತರ, ಅದರಲ್ಲಿ ಹಿಂದಿನ ಅನುಮಾನಗಳ ಸುಳಿವೂ ಇರಲಿಲ್ಲ. ಅದೇ ದಿನ ಸಚಿವ ಸಂಪುಟದ ಮುಂದೆ ಇಟ್ಟದ್ದೂ ಆ ಒಂದು ಪುಟವನ್ನೇ. ಹದಿಮೂರು ಪುಟಗಳು ಎಲ್ಲಿ ಹೋದವು, ಹತ್ತು ದಿನಗಳಲ್ಲಿ ಅನುಮಾನ ಹೇಗೆ ಕರಗಿತು ಎಂದು ಕೇಳುವ ಅವಕಾಶ ಸಂಪುಟದ ಬಹುಪಾಲು ಸದಸ್ಯರಿಗೆ ಸಿಗಲಿಲ್ಲ. ಅಂಥ ಪುಟಗಳಿವೆ ಎಂಬುದೇ ಗೊತ್ತಿಲ್ಲದಿರುವಾಗ ಕೇಳುವುದಾದರೂ ಹೇಗೆ? ಯುದ್ಧಕ್ಕೆ ಕಾನೂನಿನ ಆಧಾರವಿದೆ ಎಂದು ತೀರ್ಮಾನಿಸಿದ ಸಂದರ್ಭಗಳು ತೃಪ್ತಿಕರತೆಯಿಂದ ಬಹು ದೂರವಿದ್ದವು ಎಂದು ಚಿಲ್ಕಾಟ್ ಬಹಳ ಸೌಮ್ಯವಾಗಿ ಹೇಳಿದ್ದು ಇದನ್ನೇ.

ಗುಪ್ತಚರ ಮಾಹಿತಿಯ ಕಥೆಯೂ ಇದೇ ಜಾಡಿನದು. 2002ರ ಸೆಪ್ಟೆಂಬರ್ 24ರಂದು ಪ್ರಕಟವಾದ ಸರ್ಕಾರಿ ದಸ್ತಾವೇಜಿನ ಮುನ್ನುಡಿಯಲ್ಲಿ ಬ್ಲೇರ್, ಸದ್ದಾಂ ಹುಸೇನ್ ಅವರ ಕೆಲವು ಸಮೂಹನಾಶಕ ಅಸ್ತ್ರಗಳು ಆಜ್ಞೆಯಾದ 45 ನಿಮಿಷಗಳೊಳಗೆ ಬಳಕೆಗೆ ಸಿದ್ಧವಾಗಬಲ್ಲವು ಎಂದು ಬರೆದರು. ಆ ಮಾಹಿತಿ ರಣರಂಗದಲ್ಲಿ ಬಳಸುವ ಸಣ್ಣ ವ್ಯಾಪ್ತಿಯ ಅಸ್ತ್ರಗಳಿಗೆ ಸಂಬಂಧಿಸಿದ್ದೆಂಬುದನ್ನು ದಸ್ತಾವೇಜು ಹೇಳಲಿಲ್ಲ. ಮರುದಿನದ ಪತ್ರಿಕೆಗಳು ಬ್ರಿಟಿಷರ ನೆತ್ತಿಯ ಮೇಲೆಯೇ ಕ್ಷಿಪಣಿ ಬಂದಂತೆ ತಲೆಬರಹ ಕೊಟ್ಟಾಗ ಯಾರೂ ತಿದ್ದಲೂ ಇಲ್ಲ. ಅದೇ ತಿಂಗಳು ಗುಪ್ತಚರ ಸಂಸ್ಥೆಗೆ ಹೊಸ ಮೂಲವೊಂದರಿಂದ ರಾಸಾಯನಿಕ ಅಸ್ತ್ರ ತಯಾರಿಕೆಯ ವರದಿ ಬಂದಿತ್ತು. ಗಾಜಿನ ಪಾತ್ರೆಗಳಲ್ಲಿ ವಿಷವನ್ನು ತುಂಬುತ್ತಾರೆ ಎಂಬ ವಿವರ ಅದರಲ್ಲಿತ್ತು. ರಾಸಾಯನಿಕ ಅಸ್ತ್ರಗಳಲ್ಲಿ ಸಾಮಾನ್ಯವಾಗಿ ಗಾಜನ್ನು ಬಳಸುವುದಿಲ್ಲ, ಆದರೆ ಜನಪ್ರಿಯ ಹಾಲಿವುಡ್ ಚಿತ್ರವೊಂದರಲ್ಲಿ ಹಾಗೆ ತಪ್ಪಾಗಿ ತೋರಿಸಲಾಗಿದೆ ಎಂದು ಒಳಗಿನವರೇ ಗುರುತಿಸಿದ್ದು ಚಿಲ್ಕಾಟ್ ವರದಿಯಲ್ಲಿ ದಾಖಲಾಗಿದೆ. ಆ ಮೂಲದ ವರದಿಗಳನ್ನು ಅಧಿಕೃತವಾಗಿ ಹಿಂತೆಗೆದುಕೊಂಡದ್ದು 2003ರ ಜುಲೈನಲ್ಲಿ, ಬಾಗ್ದಾದ್ ಬಿದ್ದು ಮೂರು ತಿಂಗಳು ಕಳೆದ ಮೇಲೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಸದ್ದಾಂ ಬಗೆಗಿನ ಭಯ ಶೂನ್ಯದಿಂದ ಹುಟ್ಟಿದ್ದಲ್ಲ. 1988ರ ಮಾರ್ಚಿನಲ್ಲಿ ಹಲಬ್ಜಾದಲ್ಲಿ ತನ್ನದೇ ದೇಶದ ಕುರ್ದರ ಮೇಲೆ ವಿಷಾನಿಲ ಹರಿಸಿದ ಆಡಳಿತ ಅದು. ಅಂಥವರ ಬಳಿ ಅಸ್ತ್ರಗಳು ಇದ್ದಿರಬಹುದೆಂದು ಅನೇಕ ದೇಶಗಳ ಗುಪ್ತಚರರು, ಯುದ್ಧವನ್ನು ವಿರೋಧಿಸಿದ ಸರ್ಕಾರಗಳವರೂ ಸೇರಿ, ಭಾವಿಸಿದ್ದರು. ಆದರೆ ಪತ್ತೆ ಹಚ್ಚಲೆಂದೇ ವಿಶ್ವಸಂಸ್ಥೆಯ ತಪಾಸಕರು ಇರಾಕಿನೊಳಗೆ ಇದ್ದರು. ಉಳಿದ ಕೆಲಸಕ್ಕೆ ವರ್ಷಗಳೂ ಬೇಡ, ವಾರಗಳೂ ಸಾಲವು, ತಿಂಗಳುಗಳು ಬೇಕು ಎಂದು ಅವರ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ ಮಾರ್ಚ್ 7ರಂದು ಭದ್ರತಾ ಮಂಡಳಿಗೆ ತಿಳಿಸಿದರು. ಆ ತಿಂಗಳುಗಳನ್ನು ಕೊಡಲಿಲ್ಲ. ಬ್ಲೇರ್ ಅದಕ್ಕೂ ಏಳು ತಿಂಗಳು ಮೊದಲೇ, 2002ರ ಜುಲೈ 28ರಂದು, ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರಿಗೆ ಬರೆದ ಟಿಪ್ಪಣಿಯ ಮೊದಲ ಸಾಲಿನಲ್ಲೇ ‘ಏನೇ ಆಗಲಿ, ನಾನು ನಿಮ್ಮೊಂದಿಗಿರುತ್ತೇನೆ’ ಎಂದಿದ್ದರು. ಮಾತು ಕೊಟ್ಟ ಮೇಲೆ ಕಾರಣಗಳನ್ನು ಹುಡುಕಿದರೋ, ಕಾರಣಗಳನ್ನು ಕಂಡು ಮಾತು ಕೊಟ್ಟರೋ ಎಂಬುದನ್ನು ಓದುಗರೇ ತೀರ್ಮಾನಿಸಬಹುದು. ನನ್ನ ತೀರ್ಮಾನವನ್ನು ನಾನು ಮಾಡಿಕೊಂಡಿದ್ದೇನೆ.

ಮಾರ್ಚ್ 18ರಂದು ಹೌಸ್ ಆಫ್ ಕಾಮನ್ಸ್ 412–149 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ನೀಡಿತು. ಯುದ್ಧಕ್ಕೆ ಇನ್ನೂ ಸಮರ್ಥನೆ ದೊರೆತಿಲ್ಲ ಎಂಬ ತಿದ್ದುಪಡಿಗೆ 217 ಮತಗಳು ಬಿದ್ದಿದ್ದವು, ಅವುಗಳಲ್ಲಿ 139 ಬ್ಲೇರ್ ಅವರ ಸ್ವಂತ ಲೇಬರ್ ಪಕ್ಷದವು. ಬ್ರಿಟನ್ನಿನಲ್ಲಿ ಯುದ್ಧ ಸಾರುವ ಅಧಿಕಾರ ಕಾಗದದ ಮೇಲೆ ರಾಜಸತ್ತೆಯ ವಿಶೇಷಾಧಿಕಾರ, ಅದನ್ನು ಚಲಾಯಿಸುವವರು ಪ್ರಧಾನಿ. ಆದ್ದರಿಂದ ಸಂಸತ್ತಿನ ಮತ ಕೇಳಿದ್ದೇ ದೊಡ್ಡ ಪ್ರಜಾಸತ್ತಾತ್ಮಕ ನಡೆ ಎಂದು ಬ್ಲೇರ್ ಬೆಂಬಲಿಗರು ಈಗಲೂ ಹೇಳುತ್ತಾರೆ. ಮಾತು ನಿಜ. ಆದರೆ ಗಡಿಯಲ್ಲಿ ಸೇನೆ ಜಮಾಯಿಸಿ, ಎರಡು ದಿನಗಳ ಮುಂಚೆ, ಒಂದು ಪುಟದ ಕಾನೂನು ಉತ್ತರ ಕೊಟ್ಟು ಕೇಳಿದ ಮತಕ್ಕೆ ಎಷ್ಟು ತೂಕ ಕೊಡಬೇಕು ಎಂಬುದು ಬೇರೆಯೇ ಪ್ರಶ್ನೆ.

ಬೆಲೆ ತೆತ್ತವರು ಯಾರು? ವಿದೇಶಾಂಗ ಇಲಾಖೆಯ ಉಪ ಕಾನೂನು ಸಲಹೆಗಾರ್ತಿ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್, ಇಷ್ಟು ಪ್ರಮಾಣದ ಕಾನೂನುಬಾಹಿರ ಬಲಪ್ರಯೋಗ ಆಕ್ರಮಣದ ಅಪರಾಧಕ್ಕೆ ಸಮಾನವೆಂದು ಬರೆದು ಕೆಲಸ ಬಿಟ್ಟರು. ಕಾಮನ್ಸ್ ಸಭಾನಾಯಕ ರಾಬಿನ್ ಕುಕ್ ಮಾರ್ಚ್ 17ರಂದು ರಾಜೀನಾಮೆ ಕೊಟ್ಟರು. ದಸ್ತಾವೇಜನ್ನು ಉತ್ಪ್ರೇಕ್ಷಿಸಲಾಗಿದೆ ಎಂಬ ಬಿಬಿಸಿ ವರದಿಯ ಮೂಲವೆಂದು ಹೆಸರು ಬಹಿರಂಗಗೊಂಡ ಶಸ್ತ್ರಾಸ್ತ್ರ ತಜ್ಞ ಡಾ. ಡೇವಿಡ್ ಕೆಲ್ಲಿ 2003ರ ಜುಲೈನಲ್ಲಿ ಸತ್ತರು. ಅವರ ಸಾವಿನ ಬಗ್ಗೆ ನಡೆದ ಹಟನ್ ವಿಚಾರಣೆಯ ವರದಿ ಬಂದಾಗ ಹುದ್ದೆ ಬಿಟ್ಟವರು ಬಿಬಿಸಿಯ ಅಧ್ಯಕ್ಷರು ಮತ್ತು ಮಹಾನಿರ್ದೇಶಕರು. ಅನುಮಾನಪಟ್ಟವರು, ಅನುಮಾನವನ್ನು ವರದಿ ಮಾಡಿದವರು ಮನೆಗೆ ಹೋದರು. ಖಚಿತವಾಗಿ ಮಾತಾಡಿದವರು 2005ರ ಮೇ ಚುನಾವಣೆಯನ್ನೂ ಗೆದ್ದರು. ಇರಾಕಿನಲ್ಲಿ 179 ಬ್ರಿಟಿಷ್ ಯೋಧರು ಜೀವ ಕಳೆದುಕೊಂಡರು. ಇರಾಕಿಗಳ ಸಾವು 2009ರ ಜುಲೈ ವೇಳೆಗೆ ಕನಿಷ್ಠ ಒಂದೂವರೆ ಲಕ್ಷ, ಬಹುಶಃ ಅದಕ್ಕಿಂತ ಬಹಳ ಹೆಚ್ಚು ಎಂದು ಚಿಲ್ಕಾಟ್ ವರದಿ ಹೇಳುತ್ತದೆ. ಬ್ರಿಟಿಷ್ ಸರ್ಕಾರ ನಾಗರಿಕರ ಸಾವಿನ ಲೆಕ್ಕದ ಬಗ್ಗೆ ತಲೆಕೆಡಿಸಿಕೊಂಡದ್ದು ಮುಖ್ಯವಾಗಿ ಆರೋಪಗಳನ್ನು ಅಲ್ಲಗಳೆಯುವ ಸಲುವಾಗಿ ಎಂಬ ಮಾತೂ ಅದರಲ್ಲಿದೆ. ವರದಿಯ ಅತ್ಯಂತ ಕಠಿಣ ವಾಕ್ಯ ಅದೇ ಎಂದು ನನಗನ್ನಿಸಿದೆ, ಪತ್ರಿಕೆಗಳು ಅದನ್ನು ಹೆಚ್ಚು ಗಮನಿಸಲಿಲ್ಲವಾದರೂ.

ಚಿಲ್ಕಾಟ್ ಸಮಿತಿಯನ್ನು ಬ್ಲೇರ್ ನಂತರ ಪ್ರಧಾನಿಯಾದ ಗಾರ್ಡನ್ ಬ್ರೌನ್ ಘೋಷಿಸಿದ್ದು 2009ರ ಜೂನ್‌ನಲ್ಲಿ, ವರದಿ ಬಂದದ್ದು 2016ರ ಜುಲೈ 6ರಂದು. ಏಳು ವರ್ಷ, ಹನ್ನೆರಡು ಸಂಪುಟ, 26 ಲಕ್ಷ ಪದ. (ಮುದ್ರಿತ ಸಂಪುಟಗಳ ಬೆಲೆ 767 ಪೌಂಡ್, ಉತ್ತರದಾಯಿತ್ವ ದುಬಾರಿ ಎಂಬುದನ್ನು ಬ್ರಿಟಿಷರು ಅಕ್ಷರಶಃ ತೋರಿಸಿದರು.) ಸಮಿತಿಯ ಸದಸ್ಯರಲ್ಲೊಬ್ಬರಾದ ಇತಿಹಾಸಕಾರ ಸರ್ ಮಾರ್ಟಿನ್ ಗಿಲ್ಬರ್ಟ್ ವರದಿ ಹೊರಬರುವ ಮೊದಲೇ ತೀರಿಕೊಂಡರು. ತಡವಾಗಲು ಎರಡು ಕಾರಣಗಳಿದ್ದವು. ಬ್ಲೇರ್ ಮತ್ತು ಬುಷ್ ನಡುವಿನ ಟಿಪ್ಪಣಿಗಳನ್ನು ಪ್ರಕಟಿಸಬಹುದೇ ಎಂಬ ಜಗ್ಗಾಟ ಸರ್ಕಾರದೊಂದಿಗೆ ವರ್ಷಗಟ್ಟಲೆ ನಡೆಯಿತು. ಜೊತೆಗೆ, ಟೀಕೆಗೆ ಗುರಿಯಾಗುವ ಪ್ರತಿಯೊಬ್ಬರಿಗೂ ಕರಡನ್ನು ಮುಂಚಿತವಾಗಿ ತೋರಿಸಿ ಪ್ರತಿಕ್ರಿಯೆ ಪಡೆಯುವ ಪದ್ಧತಿ ಅಲ್ಲಿದೆ. ನ್ಯಾಯದ ದೃಷ್ಟಿಯಿಂದ ಅದು ಸರಿಯೇ. ಆದರೆ ಗಡುವೇ ಇಲ್ಲದಿದ್ದಾಗ ಅದು ಆರೋಪಿಯ ಕೈಯಲ್ಲಿ ಗಡಿಯಾರ ಕೊಟ್ಟಂತಾಗುತ್ತದೆ.

ಇಷ್ಟಾದರೂ ವರದಿ ಹುಸಿಯಾಗಲಿಲ್ಲ. ಶಾಂತಿಯುತ ಮಾರ್ಗಗಳು ಮುಗಿಯುವ ಮೊದಲೇ ಬ್ರಿಟನ್ ಆಕ್ರಮಣಕ್ಕೆ ಸೇರಿತು, ಆ ಹೊತ್ತಿನಲ್ಲಿ ಸೇನಾ ಕಾರ್ಯಾಚರಣೆ ಕಟ್ಟಕಡೆಯ ಉಪಾಯವಾಗಿರಲಿಲ್ಲ, ಅಪಾಯದ ತೀವ್ರತೆಯನ್ನು ಸಮರ್ಥನೆಯಿಲ್ಲದ ಖಚಿತತೆಯೊಂದಿಗೆ ಮಂಡಿಸಲಾಯಿತು, ಯುದ್ಧಾನಂತರದ ಸಿದ್ಧತೆ ಏನೇನೂ ಸಾಲದಾಗಿತ್ತು. ಸರ್ಕಾರವೇ ನೇಮಿಸಿದ ಸಮಿತಿಯೊಂದು ತನ್ನ ದೇಶದ ಪ್ರಧಾನಿಯ ಬಗ್ಗೆ ಇಷ್ಟು ನೇರವಾಗಿ ಬರೆದ ಉದಾಹರಣೆಗಳು ಕಡಿಮೆ. ಆದರೆ ಯುದ್ಧ ಕಾನೂನುಬಾಹಿರವೇ ಎಂಬ ಪ್ರಶ್ನೆಗೆ ಮಾತ್ರ ಸಮಿತಿ ಉತ್ತರಿಸಲಿಲ್ಲ. ಅದನ್ನು ನ್ಯಾಯಾಲಯವೇ ತೀರ್ಮಾನಿಸಬೇಕು ಎಂದಿತು. ಯುದ್ಧವನ್ನು ರಾಜಕೀಯವಾಗಿಯಷ್ಟೇ ಬೆಂಬಲಿಸಿದ್ದ ನೆದರ್‌ಲ್ಯಾಂಡ್ಸ್ ತನ್ನದೇ ಆದ ಡೇವಿಡ್ಸ್ ಆಯೋಗವನ್ನು ನೇಮಿಸಿಕೊಂಡು, ಅಂತರರಾಷ್ಟ್ರೀಯ ಕಾನೂನಿನಲ್ಲಿ ಈ ಯುದ್ಧಕ್ಕೆ ಸಾಕಷ್ಟು ಆಧಾರವಿರಲಿಲ್ಲ ಎಂಬ ಉತ್ತರವನ್ನು 2010ರ ಜನವರಿಯಲ್ಲೇ ಪಡೆದಿತ್ತು. ಹಾಗಾಗಿ ಆ ಪ್ರಶ್ನೆ ಸಮಿತಿಗಳ ಅಳವಿಗೆ ಮೀರಿದ್ದು ಎಂಬ ಮಾತು ನನಗೆ ಒಪ್ಪಿಗೆಯಾಗದು.

ವರದಿ ಬಂದ ದಿನ ಬ್ಲೇರ್ ಸುಮಾರು ಎರಡು ಗಂಟೆಗಳ ಕಾಲ ಪತ್ರಕರ್ತರ ಮುಂದೆ ನಿಂತು ಮಾತಾಡಿದರು. ನೀವು ನಂಬಲಾರದಷ್ಟು ದುಃಖ, ವಿಷಾದ, ಕ್ಷಮೆಯನ್ನು ವ್ಯಕ್ತಪಡಿಸುತ್ತೇನೆ, ಪೂರ್ಣ ಹೊಣೆ ನನ್ನದು ಎಂದರು. ಜೊತೆಗೇ, ನಿರ್ಧಾರವನ್ನು ಸದುದ್ದೇಶದಿಂದ ಕೈಗೊಂಡೆ, ಅದೇ ಸ್ಥಿತಿ ಬಂದರೆ ಅದೇ ನಿರ್ಧಾರ ಮಾಡುತ್ತೇನೆ ಎಂದೂ ಹೇಳಿದರು. ಈ ‘ಸದುದ್ದೇಶ’ವೇ ನನ್ನ ತಕರಾರಿನ ಕೇಂದ್ರ. ಸೇತುವೆ ಕುಸಿದು ಜನ ಸತ್ತರೆ, ಅದು ಗಟ್ಟಿಯಾಗಿದೆ ಎಂದು ಪ್ರಾಮಾಣಿಕವಾಗಿ ನಂಬಿದ್ದೆ ಎಂಬ ಎಂಜಿನಿಯರನ ಮಾತನ್ನು ನಾವು ಉತ್ತರವೆಂದು ಸ್ವೀಕರಿಸುವುದಿಲ್ಲ. ಮಣ್ಣಿನ ಪರೀಕ್ಷೆ ಮಾಡಿಸಿದೆಯಾ, ವರದಿಯಲ್ಲಿ ಏನಿತ್ತು, ಅದನ್ನು ಮೇಲಿನವರಿಗೆ ತೋರಿಸಿದೆಯಾ ಎಂದು ಕೇಳುತ್ತೇವೆ. ಅವನ ಮನಸ್ಸಿನೊಳಗೆ ಏನಿತ್ತೆಂಬುದು ವಿಚಾರಣೆಯ ಕೊನೆಗೆ, ಶಿಕ್ಷೆಯ ಪ್ರಮಾಣ ನಿಗದಿ ಮಾಡುವಾಗ ಬರುವ ವಿಷಯ. ಒಂದು ದೇಶದ ಮೇಲೆ ಸೇನೆ ನುಗ್ಗಿಸುವ ನಿರ್ಧಾರಕ್ಕೆ ಮಾತ್ರ ನಾವು ಈ ಕ್ರಮವನ್ನು ತಲೆಕೆಳಗು ಮಾಡಿ, ಮೊದಲ ಪ್ರಶ್ನೆಯಾಗಿಯೇ ಮನಸ್ಸನ್ನು ಕೇಳುತ್ತೇವೆ. ಮನಸ್ಸಿಗೆ ಸಾಕ್ಷಿಯಿಲ್ಲ, ಆದ್ದರಿಂದ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

ನಿಂತದ್ದೂ ಹಾಗೆಯೇ. 2016ರ ನವೆಂಬರಿನಲ್ಲಿ, ಬ್ಲೇರ್ ಸಂಸತ್ತನ್ನು ದಾರಿತಪ್ಪಿಸಿದರೇ ಎಂದು ಸಂಸದೀಯ ಸಮಿತಿಯೊಂದು ಪರಿಶೀಲಿಸಲಿ ಎಂಬ ಗೊತ್ತುವಳಿ ಕಾಮನ್ಸ್‌ನಲ್ಲಿ 439–70 ಮತಗಳಿಂದ ಬಿದ್ದುಹೋಯಿತು. ಇರಾಕಿನ ಮಾಜಿ ಸೇನಾಧಿಕಾರಿಯೊಬ್ಬರು ಬ್ಲೇರ್ ವಿರುದ್ಧ ಖಾಸಗಿ ಮೊಕದ್ದಮೆ ಹೂಡಲು ಅನುಮತಿ ಕೇಳಿದಾಗ, ಆಕ್ರಮಣದ ಅಪರಾಧ ಎಂಬುದು ಇಂಗ್ಲೆಂಡಿನ ದೇಶೀಯ ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂದು ಹೈಕೋರ್ಟ್ 2017ರ ಜುಲೈನಲ್ಲಿ ಅರ್ಜಿ ತಳ್ಳಿಹಾಕಿತು. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಅಭಿಯೋಜಕರು 2006ರಲ್ಲೇ, ಯುದ್ಧ ಹೇಗೆ ನಡೆಯಿತೆಂಬುದನ್ನು ನೋಡಬಲ್ಲೆವು, ಯುದ್ಧಕ್ಕಿಳಿದ ನಿರ್ಧಾರ ನಮ್ಮ ವ್ಯಾಪ್ತಿಗೆ ಬಾರದು ಎಂದಿದ್ದರು. ಕೆಲವು ಸಂಸದರು 2004ರಲ್ಲಿ ಹಳೆಯ ಆಯುಧವೊಂದನ್ನು ಅಟ್ಟದಿಂದ ಇಳಿಸಲು ನೋಡಿದ್ದರು: ವಾಗ್ದಂಡನೆ. ಅದನ್ನು ಕೊನೆಯ ಬಾರಿ ಬಳಸಿದ್ದು 1806ರಲ್ಲಿ.

ವಾಗ್ದಂಡನೆಯ ಮಾತು ಬಂದರೆ ಇಂಡಿಯಾದ ಓದುಗರಿಗೆ, ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ನೆನಪಾಗುವುದು ಸಹಜ. 1788ರಲ್ಲಿ ಆರಂಭವಾಗಿ 1795ರಲ್ಲಿ ಖುಲಾಸೆಯೊಂದಿಗೆ ಮುಗಿದ ಆ ವಿಚಾರಣೆಗೂ ಏಳು ವರ್ಷವೇ ಹಿಡಿಯಿತು. ಸಂಸದ ಎಡ್ಮಂಡ್ ಬರ್ಕ್ ಅವರು ಕಾಮನ್ಸ್ ಮುಂದೆ ಮೊದಲು ಮಂಡಿಸಿದ್ದು ರೋಹಿಲ್ಲಾ ಯುದ್ಧದ ಆರೋಪ. ಕಂಪನಿಗೆ ಯಾವ ಕೇಡನ್ನೂ ಮಾಡದ ರೋಹಿಲ್ಲರ ಮೇಲೆ ದಾಳಿ ಮಾಡಲು 1774ರಲ್ಲಿ ಅವಧದ ನವಾಬನಿಗೆ ನಲವತ್ತು ಲಕ್ಷ ರೂಪಾಯಿಗೆ ಕಂಪನಿಯ ಸೇನೆಯನ್ನು ಬಾಡಿಗೆಗೆ ಕೊಟ್ಟಂತೆ ಕೊಟ್ಟದ್ದು ಹೇಸ್ಟಿಂಗ್ಸ್ ಎಂಬುದು ಅದರ ತಿರುಳು. 1786ರ ಜೂನ್‌ನಲ್ಲಿ ಕಾಮನ್ಸ್ ಅದನ್ನು 119–67 ಮತಗಳಿಂದ ತಿರಸ್ಕರಿಸಿತು. ಆಮೇಲೆ ಕಾಶಿಯ ರಾಜ ಚೇತ್ ಸಿಂಗ್‌ನನ್ನು ಹಿಂಡಿದ ಆರೋಪ, ಅವಧದ ಬೇಗಮರ ಹಣದ ಆರೋಪ ಇವನ್ನೆಲ್ಲ ಒಪ್ಪಿಕೊಂಡಿತು. ಅಂದರೆ ಹಣದ ವಿಷಯದಲ್ಲಿ ಒಬ್ಬ ಆಡಳಿತಗಾರನನ್ನು ಕಟಕಟೆಗೆ ಎಳೆಯಬಹುದು. ಯುದ್ಧ ಮಾಡಿಸಿದ ನಿರ್ಧಾರಕ್ಕೆ ಬೇಡ.

ಇದಕ್ಕಿಂತ ನಮಗೆ ಹತ್ತಿರದ ಸಂಗತಿಯೊಂದಿದೆ. 1784ರ ಪಿಟ್ ಇಂಡಿಯಾ ಕಾಯ್ದೆಯು, ಭಾರತದಲ್ಲಿ ನಾಡುಗಳನ್ನು ಗೆಲ್ಲುವ ಮತ್ತು ಆಳ್ವಿಕೆಯನ್ನು ವಿಸ್ತರಿಸುವ ಯೋಜನೆಗಳು ಬ್ರಿಟಿಷ್ ರಾಷ್ಟ್ರದ ಇಚ್ಛೆ, ಗೌರವ ಮತ್ತು ನೀತಿಗೆ ವಿರುದ್ಧ ಎಂದು ಸಾರಿ, ಮೇಲಿನವರ ಸ್ಪಷ್ಟ ಅಪ್ಪಣೆಯಿಲ್ಲದೆ ಗವರ್ನರ್ ಜನರಲ್ ಯುದ್ಧ ಘೋಷಿಸಕೂಡದೆಂದು ಕಟ್ಟಳೆ ಮಾಡಿತ್ತು. ಕಂಪನಿಯ ಮೇಲೋ ಅದರ ಮಿತ್ರರ ಮೇಲೋ ದಾಳಿ ನಡೆದರೆ, ಅಥವಾ ಅದಕ್ಕೆ ಸಿದ್ಧತೆ ನಡೆದರೆ ಮಾತ್ರ ವಿನಾಯಿತಿ. ಆ ‘ಸಿದ್ಧತೆ’ ಎಂಬ ಕಿಂಡಿಯಿಂದಲೇ ನಾಲ್ಕನೆಯ ಮೈಸೂರು ಯುದ್ಧ ಒಳಬಂತು. 1798ರ ಜನವರಿಯಲ್ಲಿ ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರ್ ಮಲಾರ್ತಿಕ್, ಟಿಪ್ಪು ಸುಲ್ತಾನರ ನೆರವಿಗೆ ಸ್ವಯಂಸೇವಕರು ಬೇಕೆಂದು ಬಹಿರಂಗ ಘೋಷಣೆ ಹೊರಡಿಸಿದ. ಕೊನೆಗೆ ಮಂಗಳೂರಿನಲ್ಲಿ ಬಂದಿಳಿದವರು ನೂರರ ಆಸುಪಾಸು. ಕಲ್ಕತ್ತೆಯಲ್ಲಿ ಆಗತಾನೇ ಅಧಿಕಾರ ವಹಿಸಿಕೊಂಡಿದ್ದ ಮಾರ್ನಿಂಗ್ಟನ್, ಅಂದರೆ ಮುಂದೆ ವೆಲ್ಲೆಸ್ಲಿ ಎಂದು ಹೆಸರಾದವನು, ಆ ಘೋಷಣಾಪತ್ರವನ್ನೇ ಯುದ್ಧಕ್ಕೆ ಆಧಾರ ಮಾಡಿಕೊಂಡ. ಆಗಸ್ಟ್‌ನಲ್ಲಿ ನೆಲ್ಸನ್ ಈಜಿಪ್ಟಿನ ಕರಾವಳಿಯಲ್ಲಿ ಫ್ರೆಂಚ್ ನೌಕಾಪಡೆಯನ್ನು ನಾಶಪಡಿಸಿದ ಮೇಲೆ ಫ್ರೆಂಚರು ಸಮುದ್ರ ದಾಟಿ ಬರುವ ಭಯ ಬಹುಮಟ್ಟಿಗೆ ಕಳೆದಿತ್ತು. ಆದರೂ 1799ರ ಫೆಬ್ರವರಿಯಲ್ಲಿ ಸೇನೆ ಹೊರಟಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಫ್ರೆಂಚರ ಸಖ್ಯ ಬಯಸಿದ್ದು ಸುಳ್ಳಲ್ಲ, ಹಾಗೆಯೇ ಬಯಸಿದ್ದಕ್ಕೂ ಒದಗಿದ್ದಕ್ಕೂ ಇದ್ದ ಅಂತರ ಎಷ್ಟೆಂಬುದು ವೆಲ್ಲೆಸ್ಲಿಗೆ ತಿಳಿಯದ್ದೂ ಅಲ್ಲ. ತಾನೇ ಮಾಡಿದ್ದ ಕಾಯ್ದೆಯ ಪ್ರಕಾರ ಅವನನ್ನು ಪ್ರಶ್ನಿಸಬೇಕಿದ್ದ ಸಂಸತ್ತು ಕೃತಜ್ಞತೆ ಸಲ್ಲಿಸಿತು. ಅವನಿಗೆ ಮಾರ್ಕ್ವೆಸ್ ಪದವಿಯೂ ಬಂತು. ಅದು ಇಂಗ್ಲೆಂಡಿನದಲ್ಲ, ಐರ್ಲೆಂಡಿನ ಪದವಿ ಎಂದು ಅವನು ಸಿಡಿಮಿಡಿಗೊಂಡು, ಚಿನ್ನದ ಎರಡು ಪದರ ಬಳಿದ ಆಲೂಗಡ್ಡೆ ಎಂದು ಅದನ್ನು ಹೀಗಳೆದನಂತೆ. ಬ್ಲೇರ್ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಗೌರವಗಳಲ್ಲೊಂದಾದ ಗಾರ್ಟರ್ ಪದವಿ ಘೋಷಣೆಯಾದದ್ದು 2021ರ ಡಿಸೆಂಬರ್ 31ರಂದು. ಅದನ್ನು ಹಿಂಪಡೆಯಿರೆಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಪದವಿ ಉಳಿಯಿತು.

ಬ್ರಿಟಿಷ್ ವ್ಯವಸ್ಥೆಗೆ ಯುದ್ಧದ ಬಗ್ಗೆ ತನಿಖೆ ಮಾಡುವುದು ಬಾರದೆ ಅಲ್ಲ. ಇದೇ ಇರಾಕಿನ ನೆಲದಲ್ಲಿ, 1916ರ ಏಪ್ರಿಲ್‌ನಲ್ಲಿ, ಕುಟ್ ಎಂಬಲ್ಲಿ ಸುಮಾರು 13,000 ಮಂದಿಯ ಸೇನೆ ತುರ್ಕರಿಗೆ ಶರಣಾಯಿತು. ಅವರಲ್ಲಿ ಬಹುಪಾಲು ಭಾರತೀಯರು. ಆಗಸ್ಟ್‌ನಲ್ಲಿ ನೇಮಕವಾದ ಮೆಸೊಪೊಟೇಮಿಯಾ ಆಯೋಗ, ಮಹಾಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1917ರ ಬೇಸಿಗೆಯಲ್ಲಿ ವರದಿ ಪ್ರಕಟಿಸಿತು. ಭಾರತ ವ್ಯವಹಾರಗಳ ಸಚಿವ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಒಂದು ವರ್ಷ ತುಂಬುವ ಮೊದಲೇ ವರದಿಯೂ ಬಂತು, ತಲೆಯೂ ಉರುಳಿತು. ಆದರೆ ಆ ಆಯೋಗ ಮುಖ್ಯವಾಗಿ ತೂಗಿ ನೋಡಿದ್ದು ದೋಣಿಗಳ ಕೊರತೆಯನ್ನು, ಔಷಧಿಯ ಕೊರತೆಯನ್ನು, ಗಾಯಾಳುಗಳ ದುರವಸ್ಥೆಯನ್ನು. ಯುದ್ಧವನ್ನು ಕೆಟ್ಟದಾಗಿ ನಡೆಸಿದ್ದಕ್ಕೆ ಶಿಕ್ಷೆ ಉಂಟು. ಯುದ್ಧಕ್ಕೆ ಹೊರಟದ್ದಕ್ಕೆ ಇಲ್ಲ.

ಅಂತರರಾಷ್ಟ್ರೀಯ ಕಾನೂನು ಈ ಅಂತರವನ್ನು ಮುಚ್ಚಲು ಯತ್ನಿಸಿದೆ. ಆಕ್ರಮಣದ ಯುದ್ಧ ಹೂಡುವುದು ಉಳಿದೆಲ್ಲ ಯುದ್ಧಾಪರಾಧಗಳ ಕೇಡನ್ನು ತನ್ನೊಳಗೆ ಅಡಕ ಮಾಡಿಕೊಂಡಿರುವ ಪರಮ ಅಪರಾಧ ಎಂದು 1946ರಲ್ಲಿ ನ್ಯೂರೆಂಬರ್ಗ್ ನ್ಯಾಯಮಂಡಳಿ ಹೇಳಿತು. ಟೋಕಿಯೋದಲ್ಲಿ ನಡೆದ ಅದೇ ಬಗೆಯ ವಿಚಾರಣೆಯಲ್ಲಿ ಭಾರತದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಎಲ್ಲ ಆರೋಪಿಗಳನ್ನೂ ನಿರ್ದೋಷಿಗಳೆಂದರು; ಗೆದ್ದವರು ಸೋತವರಿಗೆ ಮಾತ್ರ ಅನ್ವಯಿಸುವ ಕಾನೂನು ಕಾನೂನಲ್ಲ ಎಂಬುದು ಅವರ ವಾದದ ಒಂದು ಎಳೆ. ಜಪಾನಿನ ನಾಯಕರನ್ನು ಬಿಟ್ಟುಬಿಡಬೇಕೆಂಬ ಅವರ ತೀರ್ಮಾನವನ್ನು ನಾನು ಒಪ್ಪಲಾರೆ. ಆದರೆ ಆ ಎಳೆಯನ್ನು ಅಲ್ಲಗಳೆಯುವ ಸಾಕ್ಷ್ಯವನ್ನು ಆಮೇಲಿನ ಏಳು ದಶಕಗಳು ಒದಗಿಸಿಲ್ಲ. 2010ರಲ್ಲಿ ಉಗಾಂಡಾದ ಕಂಪಾಲಾದಲ್ಲಿ ಹೇಗ್ ನ್ಯಾಯಾಲಯದ ಕಾನೂನಿಗೆ ತಂದ ತಿದ್ದುಪಡಿಯಿಂದ ಆಕ್ರಮಣದ ಅಪರಾಧಕ್ಕೆ ವ್ಯಾಖ್ಯೆ ಸಿಕ್ಕಿ, 2018ರ ಜುಲೈ 17ರಿಂದ ಅದು ಆ ನ್ಯಾಯಾಲಯದ ವ್ಯಾಪ್ತಿಗೆ ಬಂತು. ಅಮೆರಿಕ, ರಷ್ಯಾ, ಚೀನಾ, ಭಾರತ ಆ ನ್ಯಾಯಾಲಯದ ಸದಸ್ಯರೇ ಅಲ್ಲ; ಸದಸ್ಯನಾದ ಬ್ರಿಟನ್ ಆ ತಿದ್ದುಪಡಿಯನ್ನು ಅನುಮೋದಿಸಿಲ್ಲ. ಉಕ್ರೇನಿನ ಮೇಲೆ ದಾಳಿ ಮಾಡಿದ ಪುಟಿನ್ ವಿರುದ್ಧ 2023ರ ಮಾರ್ಚಿನಲ್ಲಿ ಹೊರಟ ಬಂಧನದ ವಾರಂಟ್ ಕೂಡ ಮಕ್ಕಳ ಅಕ್ರಮ ಸಾಗಣೆಯ ಆರೋಪದ್ದು, ದಾಳಿಯ ನಿರ್ಧಾರದ್ದಲ್ಲ. ಅದಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿ ಸ್ಥಾಪಿಸಲು ಉಕ್ರೇನ್ ಮತ್ತು ಯುರೋಪ್ ಮಂಡಳಿ 2025ರ ಜೂನ್‌ನಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಹೀಗಿರುವಾಗ ನಾಯಕರನ್ನು ಜೈಲಿಗೆ ಕಳಿಸುವ ಕನಸಿಗಿಂತ ನನಗೆ ಮೊದಲ ಬಾಗಿಲಿನ ಕಾವಲೇ ಹೆಚ್ಚು ಫಲಕಾರಿಯೆಂದು ತೋರುತ್ತದೆ. ಸೆರೆವಾಸದ ಭಯವಿದ್ದರೆ ನಿಜವಾದ ಅಪಾಯ ಎದುರಾದಾಗಲೂ ನಾಯಕರು ಹಿಂಜರಿದಾರು ಎಂಬ ಆಕ್ಷೇಪವಿದೆ. ಅದನ್ನು ಸುಮ್ಮನೆ ತಳ್ಳಿಹಾಕಲಾಗದು. ಆದರೆ ಪೂರ್ಣ ಕಾನೂನು ಸಲಹೆಯನ್ನು ಸಂಪುಟಕ್ಕೆ ತೋರಿಸಿ, ಅನುಮಾನಗಳನ್ನು ಅನುಮಾನಗಳೆಂದೇ ಬರೆಯಿರಿ ಎಂಬ ನಿಯಮದಿಂದ ಯಾವ ದೇಶದ ರಕ್ಷಣೆಗೂ ಕುಂದು ಬರುವುದಿಲ್ಲ. 2013ರ ಆಗಸ್ಟ್ 29ರಂದು ಸಿರಿಯಾ ಮೇಲಿನ ದಾಳಿಗೆ ಆಗಿನ ಪ್ರಧಾನಿ ಡೇವಿಡ್ ಕ್ಯಾಮರನ್ ಮತ ಕೇಳಿದಾಗ, ಇರಾಕಿನ ನೆನಪು ಹಸಿಯಾಗಿದ್ದ ಕಾಮನ್ಸ್ 285–272ರಿಂದ ತಿರಸ್ಕರಿಸಿತು, ಕ್ಯಾಮರನ್ ಒಪ್ಪಿಕೊಂಡರು. ಆದರೆ ಅದು ಕಾನೂನಾಗಲಿಲ್ಲ, ರೂಢಿಯಾಗಿ ಉಳಿಯಿತು, ರೂಢಿಯನ್ನು ಮುರಿಯುವುದು ಸುಲಭ. 2018ರ ಏಪ್ರಿಲ್ 14ರಂದು ಪ್ರಧಾನಿ ಥೆರೆಸಾ ಮೇ ಸಿರಿಯಾ ಮೇಲೆ ದಾಳಿ ನಡೆಸಿ, ಎರಡು ದಿನ ಬಿಟ್ಟು ಸಂಸತ್ತಿಗೆ ವಿವರಣೆ ಕೊಟ್ಟರು.

ನಮ್ಮಲ್ಲಿ ಆ ರೂಢಿಯೂ ಇಲ್ಲ. ಯುದ್ಧ ಮತ್ತು ಶಾಂತಿ ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿದೆ. ಸೇನೆಯನ್ನು ಹೊರದೇಶಕ್ಕೆ ಕಳಿಸುವ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ನಿಯಮವಿಲ್ಲ. ಒಮ್ಮೊಮ್ಮೆ ರಾಜಕೀಯವೇ ಆ ಕೆಲಸ ಮಾಡಿದೆ: ಇರಾಕಿಗೆ ಒಂದು ಡಿವಿಷನ್ ಗಾತ್ರದ ಸೇನೆ ಕಳಿಸಿ ಎಂದು ಅಮೆರಿಕ ಕೇಳಿದಾಗ, ವಾರಗಟ್ಟಲೆ ನಡೆದ ಬಹಿರಂಗ ಚರ್ಚೆಯ ನಂತರ ವಾಜಪೇಯಿ ಸರ್ಕಾರ 2003ರ ಜುಲೈ 14ರಂದು, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗದು ಎಂದಿತು. ಅದಕ್ಕೆ ಮುಂಚೆ ಏಪ್ರಿಲ್‌ನಲ್ಲಿ ಲೋಕಸಭೆ ಆ ಯುದ್ಧವನ್ನು ಖಂಡಿಸುವ ನಿರ್ಣಯ ಮಾಡಿತ್ತು. ಆದರೆ 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಬೆನ್ನಿಗೇ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೊರಟಾಗ ಅಂಥ ಚರ್ಚೆಗೆ ಸಮಯವೇ ಇರಲಿಲ್ಲ. ಅಕ್ಟೋಬರಿನ ಹೊತ್ತಿಗೆ ಶಾಂತಿಪಾಲನೆ ಹೋಗಿ ಎಲ್‌ಟಿಟಿಇ ಜೊತೆ ಯುದ್ಧವಾಯಿತು. 1990ರ ಮಾರ್ಚಿನಲ್ಲಿ ಪಡೆ ಮರಳುವಷ್ಟರಲ್ಲಿ ಸುಮಾರು 1,200 ಭಾರತೀಯ ಯೋಧರು ಸತ್ತಿದ್ದರು. 1962ರ ಸೋಲಿನ ಬಗೆಗಿನ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಇನ್ನೂ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. ಶ್ರೀಲಂಕಾದ ವಿಷಯದಲ್ಲಿ ಬಚ್ಚಿಡಲು ಅಂಥ ಸಾರ್ವಜನಿಕ ತನಿಖೆಯ ವರದಿಯೇ ಇಲ್ಲ. ಸೇನೆ ಕಳಿಸುವ ಮುನ್ನ ಯಾರು ಯಾರನ್ನು ಏನು ಕೇಳಿದರು, ಎಲ್‌ಟಿಟಿಇ ಅಸ್ತ್ರ ಕೆಳಗಿಡುತ್ತದೆಂಬ ನಂಬಿಕೆಗೆ ಆಧಾರವೇನಿತ್ತು, ವಿರುದ್ಧ ಅಭಿಪ್ರಾಯ ಕೊಟ್ಟವರ ಟಿಪ್ಪಣಿ ಯಾವ ಕಡತದಲ್ಲಿದೆ ಎಂದು ತಿಳಿಯಬಯಸುವವರಿಗೆ ಇಂದು ಸಿಗುವುದು ನಿವೃತ್ತ ರಾಯಭಾರಿಗಳು ಮತ್ತು ಸೇನಾನಿಗಳು ಬರೆದುಕೊಂಡ ನೆನಪುಗಳು. ಅವುಗಳಲ್ಲಿ ಹಲವೆಡೆ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುವುದಿಲ್ಲ.